‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಗುಂಪಿನಲ್ಲಿ ಓದುವುದು ಹೇಗೆ: ಜೈಲಿನ ಬಾಗಿಲಿನಿಂದ ಜ್ಯೂರಿ ಕೋಣೆಯವರೆಗೆ

ಹಾರ್ಪರ್ ಲೀ ಅವರ ಈ ಕಾದಂಬರಿಯಲ್ಲಿ, ಬಿಳಿ ಹುಡುಗಿ ಮೇಯೆಲ್ಲಾ ಯೂವೆಲ್ ಮೇಲೆ ಅತ್ಯಾಚಾರ ಮಾಡಿದನೆಂಬ ಆರೋಪ ಹೊತ್ತ ಕಪ್ಪು ಕೂಲಿ ಟಾಮ್ ರಾಬಿನ್ಸನ್ ಪರವಾಗಿ ಬಿಳಿ ವಕೀಲ ಅಟಿಕಸ್ ಫಿಂಚ್ ವಾದಿಸುತ್ತಾನೆ, ಕಥೆ ಹೇಳುವವಳು ಅವನ ಮಗಳು ಸ್ಕೌಟ್. ಇದನ್ನು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜುಗಳಲ್ಲಿ, ಓದುಕೂಟಗಳಲ್ಲಿ ಕೈಗೆತ್ತಿಕೊಂಡಾಗ ಚರ್ಚೆ ಬಹಳ ಸಲ ಒಂದೇ ಕಡೆ ಬಂದು ನಿಲ್ಲುತ್ತದೆ. ವಕೀಲ ಅಟಿಕಸ್ ಫಿಂಚ್ ದೊಡ್ಡ ಮನುಷ್ಯ, ಪಾಪ ಟಾಮ್ ರಾಬಿನ್ಸನ್‌ಗೆ ಅನ್ಯಾಯವಾಯಿತು, ಮುಗಿಯಿತು. ಎರಡೂ ಮಾತು ಸುಳ್ಳಲ್ಲ. ಆದರೆ ಆ ಅನ್ಯಾಯವನ್ನು ಮಾಡಿದವರು ಯಾರು, ಯಾವ ಧೈರ್ಯದ ಮೇಲೆ ಮಾಡಿದರು ಎಂದು ಕೇಳದೆ ಪುಸ್ತಕ ಮುಚ್ಚಿದರೆ ಓದಿದ್ದು ಅರ್ಧವೇ.

ಕೀಲಿಕೈ ಎರಡು ಅಧ್ಯಾಯಗಳಲ್ಲಿದೆ. 15ನೇ ಅಧ್ಯಾಯದಲ್ಲಿ ಟಾಮ್‌ನನ್ನು ಕೊಲ್ಲಲೆಂದು ರಾತ್ರಿ ಹೊತ್ತು ಜೈಲಿನ ಮುಂದೆ ನೆರೆದ ಮಂದಿಗೆ ಮಾಡಲಾಗದ ಕೆಲಸವನ್ನು, 21ನೇ ಅಧ್ಯಾಯದಲ್ಲಿ ಹನ್ನೆರಡು ಜನ, ಅಂದರೆ ತೀರ್ಪು ಹೇಳಲು ಸಾಮಾನ್ಯ ಜನರಿಂದ ಆರಿಸಿದ ಜ್ಯೂರಿಯವರು, ಕುರ್ಚಿಯ ಮೇಲೆ ಕೂತು, ಕಾನೂನಿನ ಪ್ರಕಾರವೇ ಮಾಡಿ ಮುಗಿಸುತ್ತಾರೆ. ಗುಂಪು ಮತ್ತು ನ್ಯಾಯಾಲಯ ಇಲ್ಲಿ ಒಂದಕ್ಕೊಂದು ಎದುರಾಳಿಗಳಲ್ಲ. ಒಂದೇ ಊರಿನ ಎರಡು ಕೈಗಳು. ಓದುಗರು ಇದನ್ನು ತಾವಾಗಿಯೇ ಕಂಡುಕೊಳ್ಳುವಂತೆ ಓದಿಸುವ ದಾರಿ ಮುಂದಿದೆ.

ಮೊದಲು ಬೇಕಾದ ತಯಾರಿ

ಗುಂಪಿನಲ್ಲಿ 14–15 ಜನ ಇರಲಿ. ಅದಕ್ಕಿಂತ ಕಡಿಮೆಯಾದರೆ ಜ್ಯೂರಿಯ ಅಭ್ಯಾಸ ಸಪ್ಪೆಯಾಗುತ್ತದೆ. ಹೆಚ್ಚಾದರೆ ಹಿಂದಿನ ಸಾಲಿನವರು ಬಾಯಿ ಬಿಡುವುದಿಲ್ಲ. ತಲಾ ಒಂದೂವರೆ ತಾಸಿನ ಆರು ಕೂಟ ಸಾಕು. ಕಾದಂಬರಿಯಲ್ಲಿ ಎರಡು ಭಾಗ, 31 ಅಧ್ಯಾಯ. ಮೊದಲ ಭಾಗದ 11 ಅಧ್ಯಾಯಗಳನ್ನು ಮೊದಲ ಕೂಟಕ್ಕೆ ಬರುವ ಮೊದಲೇ ಮನೆಯಲ್ಲಿ ಓದಿಕೊಂಡಿರಬೇಕು. ಅದಕ್ಕೆ ಎರಡು ವಾರ ಕೊಡಿ. ಆಮೇಲೆ 12ರಿಂದ 15, 16ರಿಂದ 19, 20ರಿಂದ 23, 24ರಿಂದ 28, ಕೊನೆಗೆ 29ರಿಂದ 31. ಕೊನೆಯ ಕೂಟದಲ್ಲಿ ಅಧ್ಯಾಯ ಕಡಿಮೆ ಇಟ್ಟಿರುವುದು ಬರವಣಿಗೆಗೆ ಹೊತ್ತು ಸಿಗಲಿ ಎಂದು.

ಸಿನಿಮಾ ಮೊದಲು ತೋರಿಸಬೇಡಿ. 1962ರ ಚಿತ್ರ ಚೆನ್ನಾಗಿದೆ, ಆದರೆ ಕಪ್ಪು ಜನರ ಚರ್ಚಿನ ಅಧ್ಯಾಯ ಅದರಲ್ಲಿಲ್ಲ, ಶಿಕ್ಷಕಿ ಮಿಸ್ ಗೇಟ್ಸ್ ಹಿಟ್ಲರ್ ಬಗ್ಗೆ ಮಾಡುವ ಪಾಠವೂ ಇಲ್ಲ. ಅಟಿಕಸ್ ಪಾತ್ರ ಮಾಡಿದ ಗ್ರೆಗರಿ ಪೆಕ್ ಮುಖ ಒಮ್ಮೆ ಕಣ್ಣಲ್ಲಿ ಕೂತರೆ ಪುಸ್ತಕದಲ್ಲಿ ಬೇರೆ ಯಾರೂ ಕಾಣುವುದಿಲ್ಲ. ಆರನೇ ಕೂಟ ಮುಗಿದ ಮೇಲೆ ನೋಡಲಿ.

ಇನ್ನೊಂದು ನಿಯಮವನ್ನು ಮೊದಲ ದಿನವೇ ಹೇಳಿಬಿಡಿ. ಕಪ್ಪು ಜನರನ್ನು ಹೀಯಾಳಿಸುವ ಪದ ಪುಸ್ತಕದಲ್ಲಿ ಹಲವು ಸಲ ಬರುತ್ತದೆ. ಗಟ್ಟಿಯಾಗಿ ಓದುವಾಗ ಅಲ್ಲಿ ‘ಆ ಪದ’ ಎಂದು ಹೇಳಿ ಮುಂದೆ ಹೋಗುವುದು. ಜಾತಿ ಹೆಸರು ಹಿಡಿದು ಬೈಯುವುದನ್ನು ಕೇಳಿ ಬೆಳೆದವರು ಗುಂಪಿನಲ್ಲಿ ಇದ್ದೇ ಇರುತ್ತಾರೆ. ಯಾಕೆ ಈ ನಿಯಮ ಎಂದು ಅವರಿಗೆ ವಿವರಿಸಬೇಕಾಗಿಲ್ಲ, ಉಳಿದವರಿಗೆ ವಿವರಿಸಬೇಕು.

ಇಸವಿಗಳ ಹಾಳೆ

ಕಥೆ ನಡೆಯುವುದು ಅಮೆರಿಕದ ದಕ್ಷಿಣದ ರಾಜ್ಯ ಅಲಬಾಮಾದ ಮೇಕೊಂಬ್ ಎಂಬ ಕಲ್ಪಿತ ಊರಿನಲ್ಲಿ, 1933ರಿಂದ 1935ರವರೆಗೆ. ಪುಸ್ತಕ ಹೊರಬಂದದ್ದು 1960ರಲ್ಲಿ, ಪುಲಿಟ್ಜರ್ ಪ್ರಶಸ್ತಿ ಬಂದದ್ದು 1961ರಲ್ಲಿ. ಹೀಗಾಗಿ ಇದರ ಹಿಂದೆ ಎರಡು ಕಾಲಗಳಿವೆ: ಕಥೆಯ ಕಾಲ, ಬರೆದ ಕಾಲ. ಒಂದು ದೊಡ್ಡ ಹಾಳೆಯ ನಡುವೆ ಗೆರೆ ಎಳೆದು ಎರಡನ್ನೂ ಬೇರೆ ಬೇರೆ ಬರೆದು ಗೋಡೆಗೆ ಅಂಟಿಸಿ. ಆರೂ ಕೂಟಗಳಲ್ಲಿ ಅದು ಕಣ್ಣೆದುರು ಇರಬೇಕು.

ಎಡಗಡೆ ಕಥೆಯ ಕಾಲ. 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ಲೆಸ್ಸಿ ಪ್ರಕರಣದಲ್ಲಿ ‘ಬೇರೆ ಬೇರೆ, ಆದರೂ ಸಮಾನ’ ಎಂದು ಕಪ್ಪು ಜನರನ್ನು ಬಿಳಿಯರಿಂದ ಬೇರೆ ಇಡುವ ಪ್ರತ್ಯೇಕತೆಗೆ ಒಪ್ಪಿಗೆ ಕೊಟ್ಟಿತು. 1901ರ ಅಲಬಾಮಾ ಸಂವಿಧಾನ ಮತದಾನಕ್ಕೆ ತೆರಿಗೆ ಮತ್ತು ಓದುಬರಹದ ಷರತ್ತು ಹಾಕಿ ಕಪ್ಪು ಜನರ ಮತ ಕಿತ್ತುಕೊಂಡಿತು. ಟಸ್ಕೀಗಿ ಸಂಸ್ಥೆ ಇಟ್ಟ ಲೆಕ್ಕದಂತೆ 1882ರಿಂದ 1968ರವರೆಗೆ ಅಮೆರಿಕದಲ್ಲಿ 4,743 ಜನ ಗುಂಪು ಹತ್ಯೆಗೆ ಬಲಿಯಾದರು, ಅವರಲ್ಲಿ 3,446 ಜನ ಕಪ್ಪು ಜನ. ಇದು ದಾಖಲಾದ ಲೆಕ್ಕ ಮಾತ್ರ.

ಇದೇ ಕಾಲಂನಲ್ಲಿ ಸ್ಕಾಟ್ಸ್‌ಬರೋ ಪ್ರಕರಣಕ್ಕೆ ಹೆಚ್ಚು ಜಾಗ ಬಿಡಿ. 1931ರ ಮಾರ್ಚ್ 25ರಂದು ಅಲಬಾಮಾದಲ್ಲಿ ಗೂಡ್ಸ್ ರೈಲಿನಿಂದ ಒಂಬತ್ತು ಕಪ್ಪು ಹುಡುಗರನ್ನು ಇಳಿಸಿ, ಇಬ್ಬರು ಬಿಳಿ ಹೆಂಗಸರ ಮೇಲೆ ಅತ್ಯಾಚಾರ ಮಾಡಿದರೆಂದು ಹಿಡಿದರು. ಜೈಲಿನ ಮುಂದೆ ಗುಂಪು ನೆರೆಯಿತು, ಕಾವಲಿಗೆ ನ್ಯಾಷನಲ್ ಗಾರ್ಡ್ ಸೈನಿಕರು ಬರಬೇಕಾಯಿತು. ಹನ್ನೆರಡೇ ದಿನಕ್ಕೆ ವಿಚಾರಣೆ ಶುರುವಾಯಿತು, ನಾಲ್ಕೇ ದಿನದಲ್ಲಿ ಎಂಟು ಜನರಿಗೆ ಮರಣದಂಡನೆಯಾಯಿತು. ಆರೋಪ ಮಾಡಿದ್ದವರಲ್ಲಿ ಒಬ್ಬಳು, ರೂಬಿ ಬೇಟ್ಸ್, 1933ರಲ್ಲಿ ತಾನು ಹೇಳಿದ್ದು ಸುಳ್ಳೆಂದು ಸಾಕ್ಷಿ ಹೇಳಿದಳು. ಆದರೂ ಜ್ಯೂರಿ ಮತ್ತೆ ಅಪರಾಧಿ ಎಂದಿತು. ಆ ತೀರ್ಪನ್ನು ತಳ್ಳಿಹಾಕಿದ ನ್ಯಾಯಾಧೀಶ ಜೇಮ್ಸ್ ಹಾರ್ಟನ್ ಮರುವರ್ಷದ ಚುನಾವಣೆಯಲ್ಲಿ ಸೋತ. ಕಪ್ಪು ಜನರನ್ನು ಜ್ಯೂರಿಯಿಂದ ಹೊರಗಿಟ್ಟದ್ದು ತಪ್ಪೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1935ರಲ್ಲಿ, ಅಂದರೆ ಟಾಮ್‌ನ ವಿಚಾರಣೆ ನಡೆಯುವ ವರ್ಷವೇ. ಲೇಖಕಿಯ ಊರು ಮನ್ರೋವಿಲ್‌ನಲ್ಲೂ ಇಂಥದೊಂದು ಪ್ರಕರಣ ನಡೆದಿತ್ತು: ವಾಲ್ಟರ್ ಲೆಟ್ ಎಂಬ ಕಪ್ಪು ಕೂಲಿಯ ಮೇಲೆ 1933ರಲ್ಲಿ ಅತ್ಯಾಚಾರದ ಆರೋಪ ಬಂತು, ಮರಣದಂಡನೆಯಾಯಿತು, ಆಮೇಲೆ ಅದು ಜೀವಾವಧಿಗೆ ಇಳಿಯಿತು.

ಬಲಗಡೆ ಬರೆದ ಕಾಲ. 1954, ಶಾಲೆಗಳಲ್ಲಿ ಪ್ರತ್ಯೇಕತೆ ಕಾನೂನುಬಾಹಿರ ಎಂದ ಬ್ರೌನ್ ತೀರ್ಪು. 1955ರ ಆಗಸ್ಟ್, ಮಿಸಿಸಿಪಿಯಲ್ಲಿ 14 ವರ್ಷದ ಎಮೆಟ್ ಟಿಲ್ ಕೊಲೆ. ಬರೀ ಬಿಳಿ ಗಂಡಸರಿದ್ದ ಜ್ಯೂರಿ ಒಂದು ತಾಸಿಗಿಂತ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ಆರೋಪಿಗಳನ್ನು ಬಿಟ್ಟಿತು, ಕೆಲವೇ ತಿಂಗಳಲ್ಲಿ ಅವರಿಬ್ಬರೂ ಕೊಂದದ್ದು ಹೌದೆಂದು ಪತ್ರಿಕೆಯೊಂದಕ್ಕೆ ಹೇಳಿಕೊಂಡರು. 1956ರ ಫೆಬ್ರವರಿ, ಆಥರೀನ್ ಲೂಸಿ ಅಲಬಾಮಾ ವಿಶ್ವವಿದ್ಯಾಲಯಕ್ಕೆ ಸೇರಿದ ಮೊದಲ ಕಪ್ಪು ವಿದ್ಯಾರ್ಥಿನಿಯಾದರು. ಗುಂಪು ಕಲ್ಲು, ಮೊಟ್ಟೆ ತೂರಿತು. ವಿಶ್ವವಿದ್ಯಾಲಯ ಆಕೆಯ ಸುರಕ್ಷತೆಯ ಹೆಸರು ಹೇಳಿ ಆಕೆಯನ್ನೇ ಹೊರಗೆ ಹಾಕಿತು. ಈ ಕೊನೆಯ ಸಾಲಿನ ಕೆಳಗೆ ಕೆಂಪು ಗೆರೆ ಎಳೆಯಿರಿ. ಗುಂಪು ಶುರು ಮಾಡಿದ್ದನ್ನು ಸಂಸ್ಥೆ ಪೂರೈಸುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಆಗಿನ ಮಂದಿ ಓದು ಬರಹ ಇಲ್ಲದವರು, ಅದಕ್ಕೇ ಹಿಂಗಾತು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗ ಬಲಗಡೆಯ ಆ ಸಾಲಿಗೆ ಕೈ ತೋರಿಸಿ. ಅಲ್ಲಿ ಕಲ್ಲು ತೂರಿದವರಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಇದ್ದರು.

15ನೇ ಅಧ್ಯಾಯ: ನಿಧಾನವಾಗಿ

ಈ ದೃಶ್ಯವನ್ನು ಎರಡು ಸಲ ಓದಿಸಿ. ಮೊದಲ ಸಲ ಸುಮ್ಮನೆ, ಕಥೆಗಾಗಿ. ಎರಡನೇ ಸಲ ಪೆನ್ಸಿಲ್ ಹಿಡಿದು.

ಅಟಿಕಸ್ ಮನೆಯಿಂದ ಉದ್ದನೆಯ ವೈರಿನ ಬಲ್ಬು ತಂದು, ಜೈಲಿನ ಬಾಗಿಲಿಗೆ ಕುರ್ಚಿ ಹಾಕಿ ಪೇಪರ್ ಓದುತ್ತ ಕೂತಿದ್ದಾನೆ. ಧೂಳು ಹಿಡಿದ ನಾಲ್ಕು ಕಾರುಗಳು ಬರುತ್ತವೆ. ಇಳಿದವರು ಕೂಗಾಡುವುದಿಲ್ಲ, ಪಿಸುಮಾತಿನಲ್ಲೇ ಮಾತಾಡುತ್ತಾರೆ. ಅಲ್ಲಿನ ಪೊಲೀಸ್ ಮುಖ್ಯಸ್ಥನಾದ ಶೆರಿಫ್‌ನನ್ನು ಸುಳ್ಳು ಸುದ್ದಿ ಕೊಟ್ಟು ಕಾಡಿಗೆ ಅಟ್ಟಿಯೇ ಬಂದಿದ್ದಾರೆ. ಗುಂಪು ಎಂದರೆ ತಲೆ ಕೆಟ್ಟು ಒಮ್ಮೆಲೇ ಸಿಡಿದೇಳುವುದು ಎಂದುಕೊಂಡವರಿಗೆ ಈ ತಯಾರಿಯನ್ನು ತೋರಿಸಿ. ಪೆನ್ಸಿಲ್ ಕೆಲಸ ಇಲ್ಲಿಂದಲೇ ಶುರು: ಮೊದಲೇ ಯೋಚಿಸಿ ಮಾಡಿದ್ದು ಯಾವುದು, ಆ ಕ್ಷಣಕ್ಕೆ ಆದದ್ದು ಯಾವುದು, ಎರಡಕ್ಕೂ ಬೇರೆ ಗುರುತು.

ಮುಂದೆ ಸ್ಕೌಟ್ ಓಡಿ ಬಂದು ಬೆಳಕಿಗೆ ನಿಲ್ಲುತ್ತಾಳೆ. ಮುಖ ಹುಡುಕುತ್ತಾಳೆ. ಒಂದು ಪರಿಚಯದ ಮುಖ ಸಿಗುತ್ತದೆ: ಕನಿಂಗ್‌ಹ್ಯಾಮ್. ಅವನ ಮಗ ತನ್ನ ಕ್ಲಾಸಿನವನು, ಅವನ ಜಮೀನಿನ ವ್ಯಾಜ್ಯ ತನ್ನ ಅಪ್ಪನ ಹತ್ತಿರ ಇದೆ ಎಂದು ಮಾತಾಡುತ್ತ ಹೋಗುತ್ತಾಳೆ. ಅವನು ಕುಕ್ಕರಗಾಲಲ್ಲಿ ಕೂತು ಅವಳ ಹೆಗಲ ಮೇಲೆ ಕೈ ಇಡುತ್ತಾನೆ, ನಿನ್ನ ನಮಸ್ಕಾರ ಮಗನಿಗೆ ಹೇಳುತ್ತೇನೆ ಎನ್ನುತ್ತಾನೆ, ಎದ್ದು ಎಲ್ಲರನ್ನೂ ಕರೆದುಕೊಂಡು ಹೋಗುತ್ತಾನೆ.

ಇದನ್ನು ಓದುವಾಗ ಹೆಚ್ಚಾಗಿ ಆಗುವ ತಪ್ಪು, ಮುಗ್ಧ ಮಗು ಗುಂಪನ್ನು ಗೆದ್ದಿತು ಎಂದು ಕಣ್ಣು ಒರೆಸಿಕೊಂಡು ಮುಂದೆ ಹೋಗುವುದು. ಅಲ್ಲೇ ನಿಲ್ಲಿಸಿ ಮೂರು ಪ್ರಶ್ನೆ ಕೇಳಿ. ಸ್ಕೌಟ್ ಬದಲು ಟಾಮ್‌ನ ಮಗಳು ಬಂದು ಮಾತಾಡಿದ್ದರೆ ಅವನು ಕುಕ್ಕರಗಾಲಲ್ಲಿ ಕೂರುತ್ತಿದ್ದನೇ? ಎದುರಿನ ಪತ್ರಿಕೆ ಕಚೇರಿಯ ಕಿಟಕಿಯಲ್ಲಿ ಬಂದೂಕು ಹಿಡಿದು ಕೂತಿದ್ದ ಅಂಡರ್‌ವುಡ್‌ಗೆ ಕಪ್ಪು ಜನರನ್ನು ಕಂಡರೆ ಆಗುವುದಿಲ್ಲ ಎಂದು ಪುಸ್ತಕವೇ ಹೇಳುತ್ತದೆ, ಹಾಗಾದರೆ ಅವನು ಕಾಯುತ್ತಿದ್ದದ್ದು ಏನನ್ನು? ಎಲ್ಲರೂ ಹೋದ ಮೇಲೆ ಕತ್ತಲಿನಿಂದ ಬರುವ ದನಿ ಯಾರದು? ಈ ಮೂರನೆಯದನ್ನು ಬಹಳ ಜನ ಮರೆತೇ ಬಿಟ್ಟಿರುತ್ತಾರೆ. ಅದು ಟಾಮ್‌ನ ದನಿ, ಅವರು ಹೋದರೇ ಎಂದು ಕೇಳುತ್ತಾನೆ. ಇಡೀ ದೃಶ್ಯದಲ್ಲಿ ಅವನು ಒಳಗೆ ಎಚ್ಚರವಾಗಿದ್ದು ಪ್ರತಿಯೊಂದನ್ನೂ ಕೇಳಿಸಿಕೊಂಡಿದ್ದಾನೆ.

ಇಲ್ಲಿಯೇ ಬರೆಯಲು ಕೊಡಿ. ಜೈಲಿನ ಒಳಗಿನಿಂದ, ಕಿವಿಗೆ ಬಿದ್ದದ್ದಷ್ಟನ್ನೇ, ಒಂದು ಪುಟ. ಮನೆಯಲ್ಲಿ ಆಡುವ ಭಾಷೆಯಲ್ಲೇ ಬರೆಯಲಿ. ‘ಗಾಡಿ ನಿಂತ್ವು. ನಾಕು. ಯಾರೂ ಜೋರ ಮಾತಾಡವಲ್ರು’ ಎಂದು ಶುರುವಾದ ಪುಟ, ಪಠ್ಯದ ಕನ್ನಡದಲ್ಲಿ ಬರೆದ ಐದು ಪುಟಕ್ಕಿಂತ ಹೆಚ್ಚು ಹೇಳುತ್ತದೆ.

ನ್ಯಾಯಾಲಯವನ್ನು ನೆಲದ ಮೇಲೆ ಬರೆಯಿರಿ

ಜ್ಯೂರಿ ಎಂದರೇನು ಎಂಬುದು ನಮ್ಮ ಓದುಗರಿಗೆ ಹೊಸದು. ನಾನಾವತಿ ಕೊಲೆ ಪ್ರಕರಣದ ನಂತರ ಭಾರತದಲ್ಲಿ ಅದು ಕ್ರಮೇಣ ನಿಂತೇಹೋಯಿತು. ಊರ ಪಂಚರಿಗೆ ಹೋಲಿಸಿ ಹೇಳಿದರೆ ಬೇಗ ತಿಳಿಯುತ್ತದೆ, ಆದರೆ ಒಂದು ವ್ಯತ್ಯಾಸ ಬಿಡಬೇಡಿ: ಜ್ಯೂರಿಯ ಹನ್ನೆರಡು ಜನರೂ ಒಮ್ಮತಕ್ಕೆ ಬರಬೇಕು, ಯಾಕೆ ಎಂದು ಕಾರಣ ಹೇಳಬೇಕಾಗಿಲ್ಲ. ಅಲಬಾಮಾದಲ್ಲಿ ಹೆಂಗಸರಿಗೆ ಜ್ಯೂರಿಯಲ್ಲಿ ಕೂರುವ ಹಕ್ಕು ಬಂದದ್ದು 1966ರಲ್ಲಿ.

ಸೀಮೆಸುಣ್ಣದಿಂದ ನೆಲದ ಮೇಲೆ ನಕ್ಷೆ ಬರೆಯಿರಿ. ನ್ಯಾಯಾಧೀಶ, ಸಾಕ್ಷಿಕಟ್ಟೆ, ಜ್ಯೂರಿಯ ಹನ್ನೆರಡು ಕುರ್ಚಿ, ಕೆಳಗೆ ಬಿಳಿ ಜನ, ಮೇಲೆ ಬಾಲ್ಕನಿಯಲ್ಲಿ ಕಪ್ಪು ಜನ. ಬಾಲ್ಕನಿಗೆ ಗೋಡೆ ಬದಿಯ ಬೆಂಚು ಇಟ್ಟರೆ ಆಯಿತು. ಇಬ್ಬರು ಮೂವರನ್ನು ಅಲ್ಲಿ ಕೂರಿಸಿ, ವಿಚಾರಣೆಯ ಅಧ್ಯಾಯಗಳು ಮುಗಿಯುವವರೆಗೂ ಅವರು ಮಾತಾಡುವ ಹಾಗಿಲ್ಲ ಎಂದು ಹೇಳಿ. ಕೊನೆಯಲ್ಲಿ ಮೊದಲು ಅವರನ್ನೇ ಮಾತಾಡಿಸಿ.

ಆಮೇಲೆ ಎಡ ಬಲದ ಸಾಕ್ಷ್ಯ. ಶೆರಿಫ್ ಹೆಕ್ ಟೇಟ್ ಮೊದಲು ಎಡಗಣ್ಣು ಎಂದು, ಆಮೇಲೆ ತಿದ್ದಿ ಮೇಯೆಲ್ಲಾಳ ಬಲಗಣ್ಣು ಕಪ್ಪಾಗಿತ್ತು ಎನ್ನುತ್ತಾನೆ. ಓದುವಾಗ ಇಲ್ಲಿ ಎಲ್ಲರೂ ಗೊಂದಲಕ್ಕೆ ಬೀಳುತ್ತಾರೆ, ಬಾಯಿಂದ ವಿವರಿಸಿದರೆ ಗೊಂದಲ ಇನ್ನೂ ಹೆಚ್ಚುತ್ತದೆ. ಇಬ್ಬರನ್ನು ಎದುರುಬದುರು ನಿಲ್ಲಿಸಿ. ಒಬ್ಬರು ಎಡಗೈ ಬೀಸುವಂತೆ ನಿಧಾನವಾಗಿ ಚಾಚಲಿ. ಕೈ ಹೋಗಿ ನಿಲ್ಲುವುದು ಎದುರಿನವರ ಬಲಗೆನ್ನೆಯ ಹತ್ತಿರ. ಮೇಯೆಲ್ಲಾಳ ಅಪ್ಪ ಬಾಬ್ ಯೂವೆಲ್ ಎಡಗೈಯಲ್ಲಿ ಸಹಿ ಮಾಡುತ್ತಾನೆ. ಟಾಮ್‌ನ ಎಡಗೈ ಚಿಕ್ಕಂದಿನಲ್ಲಿ ಹತ್ತಿ ಜಿನ್ನಿಗೆ ಸಿಕ್ಕು ನಿರುಪಯುಕ್ತವಾಗಿದೆ, ಬಲಗೈಗಿಂತ ಒಂದು ಅಡಿ ಗಿಡ್ಡ. ಬೈಲಹೊಂಗಲ, ವಿಜಯಪುರದ ಕಡೆ ಜಿನ್ನಿಂಗ್ ಫ್ಯಾಕ್ಟರಿ ಕಂಡವರಿಗೆ ಇದು ಎಂಥ ಗಾಯ ಎಂದು ಹೇಳಿಕೊಡಬೇಕಾಗಿಲ್ಲ. ವೈದ್ಯರನ್ನು ಯಾರೂ ಕರೆಸಲಿಲ್ಲ ಎಂಬುದನ್ನೂ ಬೋರ್ಡಿನ ಮೇಲೆ ಬರೆಯಿರಿ. ಸಾಕ್ಷ್ಯ ಇಷ್ಟು ಬೆಳಕಿನಂತೆ ಇದ್ದರೂ ತೀರ್ಪು ಬೇರೆಯಾಯಿತು. ಜ್ಯೂರಿಗೆ ಸತ್ಯ ಗೊತ್ತಾಗಲಿಲ್ಲ ಎನ್ನುವ ಉತ್ತರ ಇಲ್ಲಿಗೆ ಬಿದ್ದುಹೋಗುತ್ತದೆ.

20ನೇ ಅಧ್ಯಾಯ ಮುಗಿದ ಕೂಡಲೇ, 21 ಓದುವ ಮೊದಲು, ಜ್ಯೂರಿಯ ಅಭ್ಯಾಸ. ಹನ್ನೆರಡು ಜನರಿಗೂ ಒಂದೊಂದು ಚೀಟಿ ಕೊಡಿ. ಒಬ್ಬ ಕೋರಿಗೆ ಹೊಲ ಮಾಡುವವನು. ಒಬ್ಬನಿಗೆ ಅಂಗಡಿಯಲ್ಲಿ ವರ್ಷದ ಉದ್ರಿ ಬಾಕಿ ಇದೆ. ಒಬ್ಬನ ಹೆಣ್ಣು ಕೊಟ್ಟ ಮನೆ ಯೂವೆಲ್‌ಗಳ ಪಕ್ಕದಲ್ಲಿದೆ. ಹತ್ತಿಯ ಬೆಲೆ 1929ರಲ್ಲಿ ಪೌಂಡಿಗೆ ಸುಮಾರು 17 ಸೆಂಟ್ ಇದ್ದದ್ದು 1932ರ ಹೊತ್ತಿಗೆ ಸುಮಾರು 6 ಸೆಂಟಿಗೆ ಬಿದ್ದಿತ್ತು ಎಂಬುದನ್ನು ಎಲ್ಲರಿಗೂ ಹೇಳಿ. ಮೊದಲು ಗುಪ್ತವಾಗಿ ತೀರ್ಪು ಬರೆಸಿ, ಚೀಟಿ ಮಡಿಸಿ ಇಡಿ. ಹೆಚ್ಚಿನವರು ‘ನಿರಪರಾಧಿ’ ಎಂದೇ ಬರೆದಿರುತ್ತಾರೆ. ಆಮೇಲೆ ಸಾಲಾಗಿ ಎದ್ದು ನಿಂತು, ಬೇರೆಯವರ ಮುಖ ನೋಡುತ್ತ ಬಾಯಿಬಿಟ್ಟು ಹೇಳಿಸಿ, ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ಹಾಕಿ: ನಾಳೆ ನಿನಗೆ ಉದ್ರಿ ಕೊಡುವವರು ಯಾರು? ಹೇಳುವಾಗ ದನಿ ಎಲ್ಲಿ ತಗ್ಗುತ್ತದೆ, ಯಾರು ಮೊದಲಿನವರ ಮುಖ ನೋಡಿ ಹೇಳುತ್ತಾರೆ ಎಂಬುದನ್ನು ಬೆಂಚಿನ ಮೇಲೆ ಮಾತಿಲ್ಲದೆ ಕೂತವರು ಬರೆದುಕೊಳ್ಳಲಿ. ಆ ಟಿಪ್ಪಣಿಗಳೇ ಅಂದಿನ ಚರ್ಚೆ.

ಅದಾದ ಮೇಲೆ ಪುಸ್ತಕದಿಂದ ಎರಡು ಜಾಗ ತೆಗೆಸಿ. 16ನೇ ಅಧ್ಯಾಯದಲ್ಲಿ ಸ್ಕೌಟ್‌ಗೆ ಜ್ಯೂರಿಯಲ್ಲಿ ಒಬ್ಬಿಬ್ಬರು ಒಳ್ಳೆ ಬಟ್ಟೆ ಹಾಕಿಕೊಂಡ ಕನಿಂಗ್‌ಹ್ಯಾಮ್‌ಗಳ ಹಾಗೆ ಕಾಣುತ್ತಾರೆ. 23ನೇ ಅಧ್ಯಾಯದಲ್ಲಿ, ಟಾಮ್‌ನನ್ನು ಬಿಡಬೇಕೆಂದು ಜ್ಯೂರಿ ಕೋಣೆಯಲ್ಲಿ ಹಟ ಹಿಡಿದವನು ಕನಿಂಗ್‌ಹ್ಯಾಮ್‌ಗಳ ಹತ್ತಿರದ ನೆಂಟ ಎಂದು ಅಟಿಕಸ್ ಹೇಳುತ್ತಾನೆ. ಜೈಲಿನ ಮುಂದೆ ಬಂದ ಮನೆತನವೇ ಜ್ಯೂರಿಯೊಳಗೂ ಇದೆ. ಒಬ್ಬನ ಮನಸ್ಸು ಅಲುಗಾಡಿತು, ತೀರ್ಪು ಅಲುಗಾಡಲಿಲ್ಲ. ಈ ವಾಕ್ಯದ ಎರಡೂ ಅರ್ಧಕ್ಕೆ ಸಮನಾಗಿ ಹೊತ್ತು ಕೊಡಿ.

ಮೇಯೆಲ್ಲಾಳ ವಿಷಯದಲ್ಲಿ ಎಚ್ಚರ

ಇದು ಎಲ್ಲಕ್ಕಿಂತ ಜಾರುವ ಜಾಗ. ಹೆಣ್ಣುಮಕ್ಕಳು ಇಂಥ ದೂರು ಸುಳ್ಳೇ ಕೊಡುತ್ತಾರೆ ಎನ್ನುವವರೊಬ್ಬರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಎರಡು ಕೆಲಸ ಮಾಡಿ. ಒಂದು, ಮೇಯೆಲ್ಲಾಳ ಬದುಕನ್ನು ಹತ್ತಿರದಿಂದ ತೋರಿಸಿ: ಹತ್ತೊಂಬತ್ತು ವರ್ಷ, ತಾಯಿ ಇಲ್ಲ, ತಮ್ಮ ತಂಗಿಯರನ್ನು ಐಸ್‌ಕ್ರೀಂ ತಿನ್ನಲು ಕಳಿಸುವುದಕ್ಕೆ ವರ್ಷವಿಡೀ ಕೂಡಿಟ್ಟ ಏಳು ನಿಕ್ಕಲ್ ನಾಣ್ಯ, ಅಂಗಳದಲ್ಲಿ ಒಡಕು ಪಾತ್ರೆಗಳಲ್ಲಿ ಬೆಳೆಸಿದ ಕೆಂಪು ಜಿರೇನಿಯಂ. ಅಪ್ಪ ಏನು ಮಾಡುತ್ತಾನೆ ಎಂಬುದನ್ನು ಟಾಮ್‌ನ ಸಾಕ್ಷ್ಯ ಸೂಚಿಸುತ್ತದೆ. ಅವಳೂ ತುಳಿಸಿಕೊಂಡವಳೇ, ಆದರೆ ತನಗಿಂತ ಕೆಳಗಿನವನನ್ನು ತುಳಿಯುವ ಒಂದೇ ಅಧಿಕಾರ ಅವಳ ಕೈಯಲ್ಲಿದೆ.

ಎರಡು, ಅದೇ ಅಲಬಾಮಾದ ರೀಸಿ ಟೇಲರ್ ಪ್ರಕರಣವನ್ನು ಗೋಡೆಯ ಹಾಳೆಗೆ ಸೇರಿಸಿ. 1944ರಲ್ಲಿ ಆ ಕಪ್ಪು ಹೆಣ್ಣುಮಗಳ ಮೇಲೆ ಆರು ಬಿಳಿ ಗಂಡಸರು ಅತ್ಯಾಚಾರ ಮಾಡಿದರು. ಪ್ರಕರಣ ವಿಚಾರಣೆಗೆ ಹೋಗಬೇಕೇ ಎಂದು ತೀರ್ಮಾನಿಸುವ ಎರಡು ಗ್ರ್ಯಾಂಡ್ ಜ್ಯೂರಿಗಳು ಆರೋಪ ಹೊರಿಸಲೂ ಒಪ್ಪಲಿಲ್ಲ. ಅಲಬಾಮಾ ಶಾಸನಸಭೆ ಕ್ಷಮೆ ಕೇಳಿದ್ದು 2011ರಲ್ಲಿ. ಯಾರ ಮಾತನ್ನು ನಂಬಬೇಕು ಎಂಬುದನ್ನು ಅಲ್ಲಿ ಬಣ್ಣ ತೀರ್ಮಾನಿಸುತ್ತಿತ್ತು, ಹೆಣ್ಣಿನ ಮಾತಿಗೆ ಸಿಗುವ ಬೆಲೆಯನ್ನೂ ಅದೇ ತೀರ್ಮಾನಿಸುತ್ತಿತ್ತು.

12ನೇ ಅಧ್ಯಾಯವನ್ನು ಹಾರಿಸಬೇಡಿ

ಹೊತ್ತಿಲ್ಲವೆಂದು ಹಲವರು ಬಿಡುವುದು ಇದನ್ನೇ. ಅಟಿಕಸ್ ಮನೆಯಲ್ಲಿ ಅಡುಗೆ ಮಾಡುವ ಕಪ್ಪು ಹೆಣ್ಣುಮಗಳು ಕ್ಯಾಲ್ಪರ್ನಿಯಾ ಅವನ ಮಕ್ಕಳನ್ನು ತನ್ನ ಚರ್ಚಿಗೆ ಕರೆದೊಯ್ಯುತ್ತಾಳೆ. ಹಾಡಿನ ಪುಸ್ತಕಗಳಿಲ್ಲ, ಇದ್ದರೂ ಓದಬಲ್ಲವರು ನಾಲ್ಕೇ ಜನ, ಹಾಗಾಗಿ ಒಬ್ಬ ಸಾಲು ಹೇಳಿಕೊಟ್ಟಂತೆ ಎಲ್ಲರೂ ಹಾಡುತ್ತಾರೆ. ನಮ್ಮ ಭಜನಾ ಮೇಳದಲ್ಲಿ ಕೂತವರಿಗೆ ಈ ಕ್ರಮ ಹೊಸದಲ್ಲ. ಟಾಮ್‌ನ ಹೆಂಡತಿ ಹೆಲೆನ್‌ಗಾಗಿ ಹತ್ತು ಡಾಲರ್ ಕೂಡುವವರೆಗೂ ಪಾದ್ರಿ ಸೈಕ್ಸ್ ಬಾಗಿಲು ಮುಚ್ಚಿಸುತ್ತಾರೆ. ಗಂಡ ಜೈಲಿನಲ್ಲಿದ್ದಾನೆಂದು ಅವಳಿಗೆ ಯಾರೂ ಕೆಲಸ ಕೊಡುತ್ತಿಲ್ಲ. ತೀರ್ಪಿಗೂ ಮೊದಲೇ ಶಿಕ್ಷೆ ಮನೆಗೆ ಬಂದಿದೆ. ಇಲ್ಲಿ ಕಪ್ಪು ಜನರೂ ಒಂದು ಗುಂಪೇ, ಆದರೆ ಈ ಗುಂಪು ಮಾಡುವ ಕೆಲಸ ಬೇರೆ. 15ನೇ ಅಧ್ಯಾಯಕ್ಕೆ ಹೋಗುವ ಮುನ್ನ ಇದನ್ನು ಓದಿದರೆ ಮಾತ್ರ ಆ ಹೋಲಿಕೆ ಸಿಗುತ್ತದೆ.

ನಮ್ಮ ಕಡೆಯ ಮಾತು ಎಲ್ಲಿ ತರಬೇಕು

ಐದನೇ ಕೂಟಕ್ಕಿಂತ ಮೊದಲು ಬೇಡ. ಮೊದಲೇ ತಂದರೆ ಕಾದಂಬರಿ ಪಕ್ಕಕ್ಕೆ ಹೋಗಿ ಊರ ಜಗಳ ಮುಂದೆ ಬರುತ್ತದೆ. ಜನಾಂಗವೂ ಜಾತಿಯೂ ಒಂದೇ ಎಂದು ಸಲೀಸಾಗಿ ಹೇಳಿಬಿಡಬೇಡಿ. ಒಂದನ್ನು ಮೈಬಣ್ಣ ಗುರುತಿಸುತ್ತದೆ, ಇನ್ನೊಂದನ್ನು ಹುಟ್ಟು, ಅಡ್ಡಹೆಸರು, ಮನೆ ಇರುವ ಕೇರಿ. ಆದರೂ ನಂಟು ಇದೆ. ನಿಪ್ಪಾಣಿಯಲ್ಲಿ 1925ರಲ್ಲಿ ದಲಿತರ ಸಮಾವೇಶ ನಡೆಸಿದ್ದ ಅಂಬೇಡ್ಕರ್, 1946ರಲ್ಲಿ ಕಪ್ಪು ಚಿಂತಕ ಡುಬೊಯ್ಸ್ ಅವರಿಗೆ ಪತ್ರ ಬರೆದು, ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿದ್ದರು.

ಕೂಡಲಸಂಗಮ, ಬಸವನ ಬಾಗೇವಾಡಿಯ ಸುತ್ತಲಿನವರಿಗೆ ಹರಳಯ್ಯ, ಮಧುವರಸರ ಕಥೆ ಗೊತ್ತೇ ಇರುತ್ತದೆ. ಜಾತಿ ಮೀರಿ ಮದುವೆ ಮಾಡಿದ್ದಕ್ಕೆ ಅವರನ್ನು ಎಳೆಹೂಟೆ ಕಟ್ಟಿ ಕೊಂದದ್ದು ಅರಸನ ಆಜ್ಞೆಯ ಮೇಲೆ ಎಂದು ಶರಣ ಪರಂಪರೆ ಹೇಳುತ್ತದೆ. ಕೆರಳಿದವರು ಒಂದು ಕಡೆ, ಶಿಕ್ಷೆ ಕೊಟ್ಟ ಸಿಂಹಾಸನ ಇನ್ನೊಂದು ಕಡೆ. 15 ಮತ್ತು 21ನೇ ಅಧ್ಯಾಯದ ಜೋಡಣೆ ಇಲ್ಲೂ ಕಾಣುತ್ತದೆ.

ಇತ್ತೀಚಿನದು ಬೇಕೆಂದರೆ 2023ರ ಡಿಸೆಂಬರ್, ಬೆಳಗಾವಿ ತಾಲೂಕಿನ ವಂಟಮುರಿ. ಮಗ ಪ್ರೀತಿಸಿದ ಹುಡುಗಿಯ ಜೊತೆ ಹೋದನೆಂದು ತಾಯಿಯನ್ನು ಮನೆಯಿಂದ ಎಳೆದು ತಂದು, ವಿವಸ್ತ್ರಗೊಳಿಸಿ, ಕಂಬಕ್ಕೆ ಕಟ್ಟಿ ಹೊಡೆದರು. ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು, ನೋಡುತ್ತ ನಿಂತವರ ಬಗ್ಗೆಯೂ ಕಟುವಾಗಿ ಮಾತಾಡಿತು. ಇದನ್ನು ಚರ್ಚಿಸುವಾಗ ಯಾರ ಹೆಸರೂ ಬೇಡ, ಅಭಿನಯವಂತೂ ಬೇಡವೇ ಬೇಡ. ಪ್ರಶ್ನೆ ನೋಡುತ್ತ ನಿಂತವರ ಬಗ್ಗೆ ಇರಲಿ. ಮೇಕೊಂಬ್‌ನಲ್ಲಿ ವಿಚಾರಣೆಯ ದಿನ ಬುತ್ತಿ ಕಟ್ಟಿಕೊಂಡು ಜಾತ್ರೆಗೆ ಬಂದ ಹಾಗೆ ಬಂದವರ ಪಕ್ಕಕ್ಕೆ ಇವರನ್ನು ಇಟ್ಟು ನೋಡಲಿ.

ಸಾಕ್ಷಿಕಟ್ಟೆಯ ಮಾತಿಗೆ ಕಂಬಾಲಪಲ್ಲಿ ಮತ್ತು ಮರಕುಂಬಿ ಎರಡನ್ನೂ ಜೊತೆಯಾಗಿ ಹೇಳಿ. 2000ದಲ್ಲಿ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟು ಕೊಂದ ಪ್ರಕರಣದಲ್ಲಿ ಸಾಕ್ಷಿಗಳು ತಿರುಗಿಬಿದ್ದು ಆರೋಪಿಗಳು ಬಿಡುಗಡೆಯಾದರು. 2014ರಲ್ಲಿ ದಲಿತರ ಮನೆಗಳಿಗೆ ಬೆಂಕಿ ಇಟ್ಟ ಮರಕುಂಬಿ ಪ್ರಕರಣದಲ್ಲಿ ಕೊಪ್ಪಳದ ನ್ಯಾಯಾಲಯ 2024ರ ಅಕ್ಟೋಬರ್‌ನಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಒಂದನ್ನೇ ಹೇಳಿದರೆ ಓದುಗರು ಹತಾಶರಾಗುತ್ತಾರೆ, ಇನ್ನೊಂದನ್ನೇ ಹೇಳಿದರೆ ಎಲ್ಲ ಸರಿಯಾಯಿತು ಎಂದುಕೊಳ್ಳುತ್ತಾರೆ.

ಕೊನೆಯ ಬರವಣಿಗೆ

ಅಟಿಕಸ್‌ನ ಪಾತ್ರಚಿತ್ರಣ ಬರೆಯಿರಿ ಎಂಬ ಪ್ರಶ್ನೆ ಕೊಡಬೇಡಿ. ಅದಕ್ಕೆ ಗೈಡಿನಲ್ಲಿ ಸಿದ್ಧ ಉತ್ತರ ಇದೆ. ಬದಲಿಗೆ 26ನೇ ಅಧ್ಯಾಯದ ಮಿಸ್ ಗೇಟ್ಸ್‌ಳಿಂದ ಶುರು ಮಾಡಿ: ಹಿಟ್ಲರ್ ಯಹೂದಿಗಳಿಗೆ ಮಾಡಿದ್ದನ್ನು ಕ್ಲಾಸಿನಲ್ಲಿ ಖಂಡಿಸುವವಳು, ನ್ಯಾಯಾಲಯದ ಮೆಟ್ಟಿಲ ಮೇಲೆ ಕಪ್ಪು ಜನರಿಗೆ ಯಾರಾದರೂ ಪಾಠ ಕಲಿಸಬೇಕಿತ್ತು ಎನ್ನುತ್ತಾಳೆ. ಅವಳು ಜೈಲಿನ ಮುಂದೆ ಇರಲಿಲ್ಲ, ಜ್ಯೂರಿಯಲ್ಲೂ ಇರಲಿಲ್ಲ. ಹಾಗಾದರೆ, ತೀರ್ಪಿನ ನಂತರ ಸೆರೆಯಿಂದ ಓಡಲು ಹೋಗಿ ಕಾವಲುಗಾರರ ಗುಂಡಿಗೆ ಬಲಿಯಾದ ಟಾಮ್‌ನ ಸಾವಿನಲ್ಲಿ ಅವಳ ಪಾಲೆಷ್ಟು? ಮೂರು ಪುಟ, ಪುಸ್ತಕದಿಂದ ಕನಿಷ್ಠ ನಾಲ್ಕು ಜಾಗಗಳ ಆಧಾರ, ಗೋಡೆಯ ಹಾಳೆಯಿಂದ ಎರಡು ಇಸವಿ. ಟಾಮ್‌ನ ಮೈಯಲ್ಲಿದ್ದ ಹದಿನೇಳು ಗುಂಡಿನ ಗಾಯದ ಬಗ್ಗೆ 24ನೇ ಅಧ್ಯಾಯ ಹೇಳುವುದನ್ನು ಯಾರೂ ಬಿಟ್ಟು ಬರೆಯಬಾರದು. ಉತ್ತರದಲ್ಲಿ 15 ಮತ್ತು 21, ಎರಡೂ ಅಧ್ಯಾಯಗಳ ಪ್ರಸ್ತಾಪ ಇಲ್ಲದಿದ್ದರೆ ಅಂಕ ಹಾಕದೆ ವಾಪಸು ಕೊಡಿ, ಇನ್ನೊಂದು ವಾರ ಬಿಟ್ಟು ಮತ್ತೆ ತರಿಸಿಕೊಳ್ಳಿ.